ಬಾನೆಟ್ ಎತ್ತುವ ಹಕ್ಕು

ನಮ್ಮ ಬೀದಿಯ ತುದಿಯಲ್ಲೊಂದು ಗ್ಯಾರೇಜಿದೆ. ಹೊಂಗೆ ಮರದ ಕೆಳಗೆ ಎರಡು ತಗಡಿನ ಶೀಟು, ಗೋಡೆಗೆ ಸಾಲಾಗಿ ನೇತುಹಾಕಿದ ಸ್ಪ್ಯಾನರುಗಳು, ಮಸಿ ಹಿಡಿದ ಒಂದು ಬೆಂಚು. ಅದರ ಮೇಸ್ತ್ರಿ ಮೂವತ್ತು ವರ್ಷಗಳಿಂದ ಕಾರುಗಳ ನಾಡಿ ನೋಡುತ್ತ ಬಂದವರು. ಕೆಲವು ತಿಂಗಳ ಹಿಂದೆ ನನ್ನ ಡೀಸೆಲ್ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹೊತ್ತಿಕೊಂಡು ಆರಲೊಲ್ಲದಾದಾಗ ಸಹಜವಾಗಿಯೇ ಅವರ ಬಳಿಗೆ ಹೋದೆ. ಅವರು ಬಾನೆಟ್ ಎತ್ತಿ, ಎಂಜಿನ್ ಸದ್ದನ್ನು ಒಂದು ನಿಮಿಷ ಕಿವಿಗೊಟ್ಟು ಕೇಳಿದರು. ಆಮೇಲೆ ಎಸ್.ಪಿ. ರಸ್ತೆಯಿಂದ ಸ್ವಂತ ದುಡ್ಡಿನಲ್ಲಿ ಕೊಂಡು ತಂದಿದ್ದ ಅಂಗೈಯಗಲದ ಸ್ಕ್ಯಾನರನ್ನು ಸ್ಟಿಯರಿಂಗ್ ಕೆಳಗಿನ ಸಾಕೆಟ್ಟಿಗೆ ಸಿಕ್ಕಿಸಿ ನೋಡಿ, ಎರಡೂ ತಾಳೆಯಾದಂತೆ ತಲೆಯಾಡಿಸಿದರು.

‘ಮೂರನೇ ಇಂಜೆಕ್ಟರ್ ಹೋಗಿದೆ ಸಾರ್. ಬಿಚ್ಚಿ ಹೊಸದು ಹಾಕೋದು ಅರ್ಧ ದಿನದ ಕೆಲಸ. ಆದ್ರೆ ಹೊಸದನ್ನ ಈ ಕಾರಿನ ಕಂಪ್ಯೂಟರ್ ಒಪ್ಪಬೇಕಲ್ಲ? ಅದಕ್ಕೆ ಹೇಳೋ ಅಧಿಕಾರ ಕಂಪನಿಯವರಿಗೆ ಮಾತ್ರ ಇದೆ’ ಎಂದರು.

ಕಂಪನಿಯ ಅಧಿಕೃತ ಸರ್ವಿಸ್ ಕೇಂದ್ರದಲ್ಲಿ ಗಾಜಿನ ಗೋಡೆಯ ಈಚೆ ಕುಳಿತು ಕಾಫಿ ಕುಡಿದೆ. ಮೂರನೆಯ ದಿನ ಕಾರು ಕೈಗೆ ಬಂತು. ಇಸ್ತ್ರಿ ಮಾಡಿದ ಸಮವಸ್ತ್ರದ ತರುಣ ವಿನಯದಿಂದ ವಿವರಿಸಿದ ಕಾಯಿಲೆಯೂ ಅದೇ: ಮೂರನೇ ಇಂಜೆಕ್ಟರ್. ಬಿಲ್ಲಿನ ಮೊತ್ತ ಮಾತ್ರ ಮೇಸ್ತ್ರಿ ಅಂದಾಜಿಸಿದ್ದಕ್ಕಿಂತ ಬಹಳ ಮೇಲಿತ್ತು. ಮನೆಗೆ ಮರಳುವಾಗ ಆ ಮೊತ್ತಕ್ಕಿಂತ ಹೆಚ್ಚಾಗಿ ನನ್ನನ್ನು ಕಾಡಿದ್ದು ಬೇರೊಂದು ಸಂಗತಿ. ಮೇಸ್ತ್ರಿಗೆ ರೋಗ ಗೊತ್ತಿತ್ತು, ಮದ್ದೂ ಗೊತ್ತಿತ್ತು. ಇಲ್ಲದಿದ್ದುದು ಅನುಮತಿ. ದುಡ್ಡು ಕೊಟ್ಟು ಕೊಂಡ ಕಾರಿನ ಮಾಲೀಕನಾದ ನನ್ನ ಕೈಯಲ್ಲೂ ಆ ಅನುಮತಿ ಇರಲಿಲ್ಲ.

ನಮ್ಮಲ್ಲಿ ಕಾರು, ಕಂಪ್ಯೂಟರ್, ಮೊಬೈಲುಗಳ ಕುರಿತು ಅಭಿಪ್ರಾಯವಿಲ್ಲದವರು ಯಾರೂ ಇಲ್ಲ. ಬೆಳಗಿನ ವಾಯುವಿಹಾರದ ಕಲ್ಲುಬೆಂಚು, ಮದುವೆ ಮನೆಯ ಊಟದ ಸಾಲು, ಕಚೇರಿಯ ಚಹಾ ವಿರಾಮ, ಎಲ್ಲಿ ನೋಡಿದರೂ ಎರಡು ಪಕ್ಷಗಳು ಕಾಣಸಿಗುತ್ತವೆ. ‘ಆ ಕಾಲದ ಗಾಡಿ ಅಂದರೆ ಕಬ್ಬಿಣ ರೀ, ಈಗಿನವೆಲ್ಲ ಡಬ್ಬ’ ಎನ್ನುವುದು ಒಂದು ಪಕ್ಷ. ‘ಐದು ವರ್ಷ ಆಯಿತೇ? ಮಾರಿ ಹೊಸದು ತಗೊಳ್ಳಿ, ಹಳೆಯದನ್ನು ರಿಪೇರಿ ಮಾಡಿಸುವುದು ದಂಡ’ ಎನ್ನುವುದು ಇನ್ನೊಂದು. ಮೊದಲನೆಯವರಿಗೆ ತಂತ್ರಜ್ಞಾನವೆಂದರೆ ಕೆಟ್ಟುಹೋದ ಕಾಲದ ಲಕ್ಷಣ. ಎರಡನೆಯವರಿಗೆ ಅದು ಪ್ರಶ್ನಿಸಬಾರದ ಪ್ರಗತಿ. ಎರಡೂ ಮಾತುಗಳನ್ನು ತುಸು ತೂಗಿ ನೋಡಬೇಕಾಗಿದೆ.

ಹಳೆಯದೇ ಗಟ್ಟಿ ಎಂಬ ಮಾತನ್ನೇ ಮೊದಲು ತೆಗೆದುಕೊಳ್ಳೋಣ. ಅಂಬಾಸಿಡರ್ ಕಾರಿನ ತಗಡು ದಪ್ಪವಿದ್ದುದು ನಿಜ. ಆದರೆ ಡಿಕ್ಕಿಯಾದಾಗ ಬಗ್ಗದ ಗಾಡಿ ಆಘಾತವನ್ನು ತಾನು ಹೀರಿಕೊಳ್ಳದೆ ಒಳಗೆ ಕುಳಿತವರ ಎದೆಗೂ ಕುತ್ತಿಗೆಗೂ ದಾಟಿಸುತ್ತದೆ. ಇಂದಿನ ಕಾರಿನ ಮೂತಿ ಅಪಘಾತದಲ್ಲಿ ಅಪ್ಪಚ್ಚಿಯಾಗುವುದು ದೌರ್ಬಲ್ಯದಿಂದಲ್ಲ. ಆಘಾತವನ್ನು ತಾನು ನುಂಗಿ ಪ್ರಯಾಣಿಕರ ಕೋಣೆಯನ್ನು ಉಳಿಸಲೆಂದೇ ಅದನ್ನು ಹಾಗೆ ರೂಪಿಸಿರುತ್ತಾರೆ. 2019ರ ಜುಲೈಯಿಂದ ನಮ್ಮ ದೇಶದ ಹೊಸ ಕಾರುಗಳಲ್ಲಿ ಚಾಲಕನಿಗೆ ಏರ್‌ಬ್ಯಾಗ್ ಕಡ್ಡಾಯವಾಯಿತು. 2023ರ ಅಕ್ಟೋಬರಿನಲ್ಲಿ ‘ಭಾರತ್ ಎನ್‌ಸಿಎಪಿ’ ಹೆಸರಿನಲ್ಲಿ ನಮ್ಮದೇ ಅಪಘಾತ ಪರೀಕ್ಷೆ ಆರಂಭವಾಯಿತು. ಇನ್ನು ಹೊಗೆಯ ಮಾತು. 2000ನೇ ಇಸವಿಯವರೆಗೂ ನಾವು ಪೆಟ್ರೋಲಿನೊಂದಿಗೆ ಸೀಸವನ್ನೂ ಸುಟ್ಟು ಮಕ್ಕಳ ಉಸಿರಿಗೆ ಸೇರಿಸುತ್ತಿದ್ದೆವು ಎಂಬುದನ್ನು ಹಳೆಯ ಕಾಲದ ಅಭಿಮಾನಿಗಳು ಮರೆಯಬಾರದು.

ಜನಾಭಿಪ್ರಾಯ ಯಂತ್ರಗಳ ವಿಷಯದಲ್ಲಿ ಎಡವಿದ್ದು ಇದೊಂದೇ ಸಲವಲ್ಲ. 1980ರ ದಶಕದಲ್ಲಿ ಬ್ಯಾಂಕುಗಳಿಗೆ ಕಂಪ್ಯೂಟರ್ ಬರುವಾಗ ಕೆಲಸಗಳೆಲ್ಲ ಹೋದವೆಂದು ನೌಕರರ ಸಂಘಗಳು ಬೀದಿಗಿಳಿದಿದ್ದವು. ಆ ನೌಕರರ ಮಕ್ಕಳೇ ಮುಂದೆ ಬೆಂಗಳೂರಿನ ಸಾಫ್ಟ್‌ವೇರ್ ಕಚೇರಿಗಳನ್ನು ತುಂಬಿದರು. 2001ರಲ್ಲಿ ಬೆಂಗಳೂರಿನಲ್ಲೇ ತಯಾರಾಗಿ ರಸ್ತೆಗಿಳಿದ ‘ರೇವಾ’ ಎಂಬ ಪುಟ್ಟ ವಿದ್ಯುತ್ ಕಾರನ್ನು ನೋಡಿ ಆಟಿಕೆಯೆಂದು ನಕ್ಕವರೇ ಹೆಚ್ಚು. ಇಂದು ವಿದ್ಯುತ್ ವಾಹನಗಳ ಹಸಿರು ನಂಬರ್ ಪ್ಲೇಟ್ ಕಾಣದ ಬಡಾವಣೆಯೇ ನಗರದಲ್ಲಿಲ್ಲ.

ಹಾಗೆಂದ ಮಾತ್ರಕ್ಕೆ ಎರಡನೆಯ ಪಕ್ಷ ಗೆದ್ದಿತೆಂದಲ್ಲ. ಹಳೆಯ ಗಾಡಿಯನ್ನು ಹಂಬಲಿಸುವವರ ಮಾತಿನಲ್ಲಿ ಒಂದು ನಿಜವಾದ ನೋವಿದೆ. ಅದಕ್ಕೆ ಅವರು ಕೊಟ್ಟ ಹೆಸರು ಮಾತ್ರ ತಪ್ಪು. ಅವರು ಕಳೆದುಕೊಂಡದ್ದು ಕಬ್ಬಿಣದ ಗಟ್ಟಿತನವನ್ನಲ್ಲ, ಯಂತ್ರದೊಂದಿಗಿನ ಸಲಿಗೆಯನ್ನು. 1983ರ ಡಿಸೆಂಬರಿನಲ್ಲಿ ರಸ್ತೆಗೆ ಬಂದ ಮಾರುತಿ 800 ಕಾರಿನ ಕಾರ್ಬ್ಯುರೇಟರನ್ನು ಭಾನುವಾರ ಬೆಳಿಗ್ಗೆ ಮನೆಯಂಗಳದಲ್ಲೇ ಬಿಚ್ಚಿ ಪೆಟ್ರೋಲಿನಲ್ಲಿ ತೊಳೆದು ಮತ್ತೆ ಕೂರಿಸುವ ಗೃಹಸ್ಥರಿದ್ದರು. ಗಾಳಿ ಎಲ್ಲಿಂದ ಒಳಹೋಗುತ್ತದೆ, ಪೆಟ್ರೋಲ್ ಎಲ್ಲಿ ಬೆರೆಯುತ್ತದೆ, ಕಿಡಿ ಎಲ್ಲಿ ಹಾರುತ್ತದೆ ಎಂಬುದು ಕಣ್ಣಿಗೆ ಕಾಣುತ್ತಿತ್ತು. ಅಪ್ಪನ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ಸ್ಕ್ರೂಗಳನ್ನು ತಟ್ಟೆಯಲ್ಲಿ ಜೋಪಾನ ಮಾಡಿದ ಮಗುವಿಗೆ ಅದು ವಿಜ್ಞಾನದ ಮೊದಲ ಪಾಠವಾಗಿತ್ತು.

ಈ ಸಲಿಗೆ ತಪ್ಪಿದ್ದು ಯಾರದೋ ಸಂಚಿನಿಂದಲ್ಲ. ಹೊಗೆ ಕಡಿಮೆಯಾಗಬೇಕಾದರೆ ಇಂಧನ ಮತ್ತು ಗಾಳಿಯ ಪ್ರಮಾಣವನ್ನು ಕ್ಷಣಕ್ಷಣಕ್ಕೂ ಅಳೆದು ಸರಿಪಡಿಸಬೇಕು. ಸ್ಕ್ರೂ ತಿರುಗಿಸಿ ಹೊಂದಿಸುವ ಕಾರ್ಬ್ಯುರೇಟರಿನಿಂದ ಅದಾಗದು. ಅದಕ್ಕೆ ಸೆನ್ಸರುಗಳು ಬೇಕು, ಅವುಗಳ ಮಾತು ಕೇಳಿ ಇಂಜೆಕ್ಟರುಗಳಿಗೆ ಆಜ್ಞೆ ಕೊಡುವ ಕಂಪ್ಯೂಟರ್ ಬೇಕು. 2020ರ ಏಪ್ರಿಲ್ 1ರಂದು ಭಾರತ್ ಸ್ಟೇಜ್ ನಾಲ್ಕರಿಂದ ನೇರವಾಗಿ ಆರಕ್ಕೆ ಜಿಗಿದಾಗ ಈ ವ್ಯವಸ್ಥೆ ದ್ವಿಚಕ್ರ ವಾಹನಗಳಿಗೂ ಬಂತು. ಇದು ಆಗಬೇಕಾದದ್ದೇ. ಪ್ರಶ್ನೆ ಇರುವುದು ಕಂಪ್ಯೂಟರ್ ಏಕೆ ಬಂತೆಂಬುದರಲ್ಲಿ ಅಲ್ಲ; ಅದರ ಬೀಗದ ಕೈ ಯಾರ ಬಳಿ ಇರಬೇಕು ಎಂಬುದರಲ್ಲಿ.

ಬೆಂಗಳೂರಿನ ಪುರಭವನದ ಆಸುಪಾಸಿನಲ್ಲಿ ಕೂಗಳತೆಯ ದೂರದಲ್ಲಿ ಎರಡು ರಸ್ತೆಗಳಿವೆ. ರವೀಂದ್ರ ಕಲಾಕ್ಷೇತ್ರವಿರುವ ಜೆ.ಸಿ. ರಸ್ತೆಯಲ್ಲಿ ಕಾರಿನ ಬಿಡಿಭಾಗಗಳ ಅಂಗಡಿಗಳು. ಸದರ್ ಪತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರಸ್ತೆಯಲ್ಲಿ ಕಂಪ್ಯೂಟರ್ ಮತ್ತು ಎಲೆಕ್ಟ್ರಾನಿಕ್ ಸಾಮಾನುಗಳ ಅಂಗಡಿಗಳು. ಐಟಿ ನಗರಿಯ ಹೆಸರು ಹೇಳುವಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಗಾಜಿನ ಕಟ್ಟಡಗಳು ನೆನಪಾಗುತ್ತವೆಯೇ ಹೊರತು ಈ ಎರಡು ಇಕ್ಕಟ್ಟಿನ ರಸ್ತೆಗಳಲ್ಲ. ಆದರೆ ಮಧ್ಯಮ ವರ್ಗದ ಎಷ್ಟೋ ಮನೆಗಳಿಗೆ ಮೊದಲ ಕಂಪ್ಯೂಟರ್ ಬಂದದ್ದು ಎಸ್.ಪಿ. ರಸ್ತೆಯಿಂದಲೇ. ಮದರ್‌ಬೋರ್ಡ್ ಒಂದು ಅಂಗಡಿಯಲ್ಲಿ, ಹಾರ್ಡ್ ಡಿಸ್ಕ್ ಇನ್ನೊಂದರಲ್ಲಿ, ಕ್ಯಾಬಿನೆಟ್ ಮತ್ತೊಂದರಲ್ಲಿ ಕೊಂಡು, ಪರಿಚಯದ ಹುಡುಗನಿಂದ ಜೋಡಿಸಿಕೊಂಡ ‘ಅಸೆಂಬಲ್ಡ್’ ಯಂತ್ರ ಅದು. ಎರಡು ವರ್ಷವಾದ ಮೇಲೆ ನಿಧಾನವಾಯಿತೆಂದರೆ ರ‍್ಯಾಮ್ ಹೆಚ್ಚಿಸಿದರೆ ಸಾಕು, ಮತ್ತೆರಡು ವರ್ಷ ಬಾಳುತ್ತಿತ್ತು. ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಅನೇಕರು ಬೆಸುಗೆ ಕಡ್ಡಿ ಹಿಡಿದೇ ಈ ವಿದ್ಯೆ ಕಲಿತು ಸಂಸಾರ ಕಟ್ಟಿಕೊಂಡರು.

ಈಗಿನ ತೆಳು ಲ್ಯಾಪ್‌ಟಾಪುಗಳ ಕೆಳತಟ್ಟೆ ತೆಗೆದರೆ ಬೇರೆಯೇ ನೋಟ. ಅನೇಕ ಮಾದರಿಗಳಲ್ಲಿ ರ‍್ಯಾಮ್ ಮದರ್‌ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಬದಲಿಸುವ ಮಾತೇ ಇಲ್ಲ. ಬಹುಪಾಲು ಮೊಬೈಲುಗಳಲ್ಲಿ ಬ್ಯಾಟರಿಯನ್ನು ಅಂಟು ಹಾಕಿ ಕೂರಿಸಲಾಗಿದೆ. ಉಗುರಿನಿಂದ ಮುಚ್ಚಳ ತೆಗೆದು ಬ್ಯಾಟರಿ ಬದಲಿಸುತ್ತಿದ್ದ ಕಾಲ ಬಹಳ ಹಿಂದಿನದೇನೂ ಅಲ್ಲ. ತೆಳುವಾಗಿರಬೇಕು, ನೀರು ನುಗ್ಗಬಾರದು ಎಂಬ ಕಾರಣಗಳಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಬ್ಯಾಟರಿಯ ಆಯುಷ್ಯ ಮುಗಿದೊಡನೆ ಇಡೀ ಯಂತ್ರದ ಆಯುಷ್ಯ ಮುಗಿಯಬೇಕೆಂಬುದಕ್ಕೆ ಆ ಕಾರಣಗಳು ಸಾಲವು.

ಯಂತ್ರದ ಭಾಗಗಳೆಲ್ಲ ಸುಸ್ಥಿತಿಯಲ್ಲಿದ್ದೂ ಅದು ಮುದಿಯಾಗುವುದುಂಟು. 2015ರಲ್ಲಿ ಬಂದ ವಿಂಡೋಸ್ 10 ಕಾರ್ಯಾಚರಣ ವ್ಯವಸ್ಥೆಗೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಮುಂದಿನ ಆವೃತ್ತಿಗೆ ಹೋಗಬೇಕಾದರೆ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ನಿಗದಿತ ತಲೆಮಾರಿನ ಪ್ರೊಸೆಸರ್ ಇರಲೇಬೇಕು. ಸುರಕ್ಷತೆಯ ದೃಷ್ಟಿಯಿಂದ ಈ ನಿಯಮಕ್ಕೆ ಅರ್ಥವಿದೆ. ಕೆಲವು ಷರತ್ತುಗಳ ಮೇಲೆ ಭದ್ರತಾ ಪರಿಷ್ಕರಣೆಯನ್ನು ಇನ್ನೊಂದು ವರ್ಷ ಪಡೆಯುವ ಅವಕಾಶವನ್ನೂ ಕೊಡಲಾಯಿತು. ಆದರೂ ಪತ್ರ ಬರೆಯಲು, ಲೆಕ್ಕ ಇಡಲು, ಮಕ್ಕಳ ಪಾಠಕ್ಕೆ ಏನೇನೂ ಕೊರತೆಯಿಲ್ಲದ ಅಸಂಖ್ಯ ಕಂಪ್ಯೂಟರುಗಳು ಆ ನಿಯಮದಿಂದಾಗಿ ಕಾಗದದ ಮೇಲೆ ಮುದಿಯಾದವು. ವಿದ್ಯುನ್ಮಾನ ತ್ಯಾಜ್ಯ ಉತ್ಪಾದನೆಯಲ್ಲಿ ಚೀನಾ, ಅಮೆರಿಕಗಳ ನಂತರ ಮೂರನೆಯ ಸ್ಥಾನದಲ್ಲಿರುವ ದೇಶ ಇದನ್ನು ಅವರವರ ಮನೆಯ ಖರ್ಚಿನ ವಿಷಯವೆಂದು ತಳ್ಳಿಹಾಕುವಂತಿಲ್ಲ.

ಮುಚ್ಚಿದ ತಂತ್ರಜ್ಞಾನ ಏನು ಮಾಡಬಲ್ಲದೆಂಬುದು ಕನ್ನಡಿಗರಿಗೆ ಹೊಸ ಪಾಠವೇನಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಮೂಡತೊಡಗಿದ ಕಾಲದಲ್ಲಿ ಒಂದೊಂದು ತಂತ್ರಾಂಶದ್ದು ಒಂದೊಂದು ಅಕ್ಷರ ಸಂಕೇತ. ಒಂದರಲ್ಲಿ ಬೆರಳಚ್ಚಿಸಿದ ಲೇಖನವನ್ನು ಇನ್ನೊಂದರಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿ. ತಂತ್ರಾಂಶ ಬದಲಾದರೆ ತಾನೇ ಬರೆದ ಪುಸ್ತಕವನ್ನು ಲೇಖಕ ಓದಲಾರದ ಸ್ಥಿತಿ ಅದು. ಬರಹ ಬರೆದವನದು, ಬೀಗ ಮಾತ್ರ ಬೇರೆಯವರದು. ಈ ಬೀಗವನ್ನು ಒಡೆದದ್ದು ಮಾರುಕಟ್ಟೆಯ ಉದಾರತೆಯಲ್ಲ. ಕೆ.ಪಿ. ರಾವ್ ಅವರು ರೂಪಿಸಿದ ಸರಳ ಕೀಲಿಮಣೆ ವಿನ್ಯಾಸ ‘ನುಡಿ’ ತಂತ್ರಾಂಶಕ್ಕೆ ತಳಹದಿಯಾಯಿತು. 1998ರಲ್ಲಿ ಬಂದ ‘ಬರಹ’ ದೂರದೇಶದ ಕನ್ನಡಿಗರ ಮನೆಗಳಿಗೂ ಕನ್ನಡದ ಬೆರಳಚ್ಚನ್ನು ಒಯ್ದಿತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರು ಕನ್ನಡ ತಂತ್ರಾಂಶದ ಪ್ರಶ್ನೆಯನ್ನು ಸಾಹಿತ್ಯದ ಪ್ರಶ್ನೆಯಷ್ಟೇ ಗಂಭೀರವಾಗಿ ಎತ್ತಿಕೊಂಡರು. ಎಲ್ಲರಿಗೂ ಒಂದೇ ಆದ, ಯಾರ ಸ್ವತ್ತೂ ಅಲ್ಲದ ಯೂನಿಕೋಡ್ ಬಳಕೆಗೆ ಬಂದಾಗ ಉತ್ಸಾಹಿ ತರುಣರು ಹಳೆಯ ಕಡತಗಳನ್ನು ಪರಿವರ್ತಿಸುವ ತಂತ್ರಾಂಶಗಳನ್ನು ಬರೆದು ಉಚಿತವಾಗಿ ಹಂಚಿದರು. ಇಂದು ಅಜ್ಜಿ ಮೊಮ್ಮಗನಿಗೆ ಮೊಬೈಲಿನಲ್ಲಿ ಕನ್ನಡದಲ್ಲಿ ಸಂದೇಶ ಕಳುಹಿಸಿದರೆ ಅದು ಯಾವ ಕಂಪನಿಯ ಯಂತ್ರದಲ್ಲಾದರೂ ಹಾಗೆಯೇ ಮೂಡುತ್ತದೆ. ತೆರೆದ ಬಾಗಿಲಿನ ಫಲವೆಂದರೆ ಇದು.

ಕಾರಿನ ವಿಷಯದಲ್ಲೂ ಈ ಬಾಗಿಲನ್ನು ತಟ್ಟಿದವರಿದ್ದಾರೆ. ಒಬ್ಬ ಗ್ರಾಹಕನ ದೂರಿನಿಂದ ಆರಂಭವಾದ ಪ್ರಕರಣದಲ್ಲಿ 2014ರ ಆಗಸ್ಟಿನಲ್ಲಿ ಭಾರತೀಯ ಸ್ಪರ್ಧಾ ಆಯೋಗವು ಹದಿನಾಲ್ಕು ಕಾರು ಕಂಪನಿಗಳಿಗೆ ಒಟ್ಟು ಸುಮಾರು 2,545 ಕೋಟಿ ರೂಪಾಯಿ ದಂಡ ವಿಧಿಸಿತು. ಅಸಲಿ ಬಿಡಿಭಾಗಗಳನ್ನೂ ದೋಷ ಪತ್ತೆಯ ಸಲಕರಣೆಗಳನ್ನೂ ಸ್ವತಂತ್ರ ಗ್ಯಾರೇಜುಗಳಿಗೆ ಸಿಗದಂತೆ ಮಾಡಿ ಸ್ಪರ್ಧೆಯನ್ನು ತಡೆಯಲಾಗಿದೆ ಎಂಬುದು ಆಯೋಗದ ತೀರ್ಮಾನ. ಮೇಲ್ಮನವಿಯ ಹಂತದಲ್ಲಿ ಕೆಲವು ಕಂಪನಿಗಳ ದಂಡದ ಮೊತ್ತ ಇಳಿದರೂ ಮೂಲ ನಿಲುವನ್ನು ಎತ್ತಿಹಿಡಿಯಲಾಯಿತು. ಅಂಬಾಸಿಡರ್ ಮತ್ತು ಮಾರುತಿ 800 ಎರಡೂ ಕಾರುಗಳ ತಯಾರಿಕೆ ನಿಂತದ್ದು ಅದೇ 2014ರಲ್ಲಿ. ಯಾರು ಬೇಕಾದರೂ ಬಿಚ್ಚಬಹುದಾಗಿದ್ದ ಕಾರುಗಳು ನಿರ್ಗಮಿಸಿದ ವರ್ಷವೇ ಬಿಚ್ಚುವ ಹಕ್ಕಿನ ಪರವಾದ ತೀರ್ಪೂ ಬಂತು.

2022ರ ಜುಲೈಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿಯ ಹಕ್ಕು’ ಕುರಿತು ಸಮಿತಿ ರಚಿಸಿತು. ಕೃಷಿ ಉಪಕರಣ, ಮೊಬೈಲ್, ಗೃಹೋಪಯೋಗಿ ವಸ್ತು ಮತ್ತು ವಾಹನ ಎಂಬ ನಾಲ್ಕು ಕ್ಷೇತ್ರಗಳನ್ನು ಅದಕ್ಕೆ ಗುರುತಿಸಲಾಯಿತು. ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕರ ದಿನದಂದು ಒಂದು ಜಾಲತಾಣವನ್ನೂ ತೆರೆಯಲಾಯಿತು. ಇವು ಸ್ವಾಗತಾರ್ಹ ಹೆಜ್ಜೆಗಳು. ಆದರೆ ಜಾಲತಾಣದಲ್ಲಿ ಕಂಪನಿ ತಾನಾಗಿ ಇಟ್ಟ ಮಾಹಿತಿಗೂ ಕಾನೂನು ಕಡ್ಡಾಯ ಮಾಡಿದ ಕರ್ತವ್ಯಕ್ಕೂ ಅಂತರವಿದೆ. ಫ್ರಾನ್ಸಿನಲ್ಲಿ 2021ರಿಂದ ಮೊಬೈಲ್, ಲ್ಯಾಪ್‌ಟಾಪ್ ಮೊದಲಾದವುಗಳ ಬೆಲೆಯ ಪಕ್ಕದಲ್ಲೇ ಅವು ಎಷ್ಟು ಸುಲಭವಾಗಿ ರಿಪೇರಿಯಾಗುತ್ತವೆ ಎಂಬುದಕ್ಕೆ ಹತ್ತಕ್ಕೆ ಇಷ್ಟು ಎಂಬ ಅಂಕ ಬಂತು. ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಮತದಾರರು 2012ರಲ್ಲೇ ಕಾರು ರಿಪೇರಿಯ ಮಾಹಿತಿ ಸ್ವತಂತ್ರ ಗ್ಯಾರೇಜುಗಳಿಗೂ ಸಿಗಬೇಕೆಂದು ಮತ ಹಾಕಿದರು. ಅಲ್ಲಿನ ಕೊಲೊರಾಡೊ ರಾಜ್ಯ 2023ರಲ್ಲಿ ರೈತರಿಗೆ ತಮ್ಮ ಟ್ರ್ಯಾಕ್ಟರ್, ಕಟಾವು ಯಂತ್ರಗಳನ್ನು ತಾವೇ ರಿಪೇರಿ ಮಾಡಿಕೊಳ್ಳುವ ಹಕ್ಕನ್ನು ಕಾನೂನಾಗಿಸಿತು. ಕಟಾವಿನ ಹೊತ್ತಿನಲ್ಲಿ ಯಂತ್ರ ನಿಂತು, ಕಂಪನಿಯ ತಂತ್ರಜ್ಞ ಲ್ಯಾಪ್‌ಟಾಪ್ ಹಿಡಿದು ಬರುವವರೆಗೆ ರೈತ ಆಕಾಶ ನೋಡುತ್ತ ಕೂರುವುದೆಂದರೇನು ಎಂಬುದು ನಮ್ಮ ರಾಯಚೂರು, ಗಂಗಾವತಿಗಳ ಭತ್ತದ ಬೆಳೆಗಾರರಿಗೆ ಯಾರೂ ವಿವರಿಸಬೇಕಾಗಿಲ್ಲ.

ಕಂಪನಿಗಳ ವಾದವನ್ನೂ ಕೇಳಬೇಕು. ಏರ್‌ಬ್ಯಾಗಿನ ಸಂಪರ್ಕವನ್ನು ತಿಳಿಯದವರು ಮುಟ್ಟಿದರೆ ಪ್ರಾಣಕ್ಕೇ ಕುತ್ತು. ವಿದ್ಯುತ್ ಕಾರಿನ ಬ್ಯಾಟರಿಯಲ್ಲಿ ನೂರಾರು ವೋಲ್ಟುಗಳಿರುತ್ತವೆ. ಎಂಜಿನ್ ಕಂಪ್ಯೂಟರನ್ನು ತಿದ್ದಿ ಹೊಗೆಯ ನಿಯಮವನ್ನು ಮುರಿಯಬಹುದು. ಕೀಲಿಯ ಸಂಕೇತ ಹೊರಗೆ ಹೋದರೆ ಕಳ್ಳರಿಗೆ ಅನುಕೂಲ. ಇವೆಲ್ಲ ಸುಳ್ಳಲ್ಲ. ಆದರೆ ಅಪಾಯವಿರುವ ಕೆಲಸಕ್ಕೆ ಸಮಾಜ ಕಂಡುಕೊಂಡ ಪರಿಹಾರ ತರಬೇತಿ ಮತ್ತು ಪರವಾನಗಿಯೇ ಹೊರತು ಏಕಸ್ವಾಮ್ಯವಲ್ಲ. ಮನೆಯ ವೈರಿಂಗ್‌ನಲ್ಲೂ ಪ್ರಾಣಾಪಾಯವಿದೆ. ಅದಕ್ಕೆ ಪರವಾನಗಿ ಪಡೆದ ಎಲೆಕ್ಟ್ರಿಷಿಯನ್ ಇದ್ದಾನೆ. ಸ್ವಿಚ್ಚು ತಯಾರಿಸಿದ ಕಂಪನಿಯೇ ಬಂದು ಬಲ್ಬು ಹಾಕಬೇಕೆಂದು ಯಾರೂ ಹೇಳಲಿಲ್ಲ. ಬ್ರೇಕು, ಏರ್‌ಬ್ಯಾಗ್, ಹೆಚ್ಚಿನ ವೋಲ್ಟೇಜಿನ ಬ್ಯಾಟರಿಗಳಿಗೆ ಪ್ರಮಾಣಪತ್ರ ಕಡ್ಡಾಯ ಮಾಡಿ, ಐಟಿಐಗಳಲ್ಲಿ ಅದಕ್ಕೆ ಅಲ್ಪಾವಧಿಯ ತರಬೇತಿ ಕೊಡಿ; ಆ ಪ್ರಮಾಣಪತ್ರ ಹಿಡಿದು ಬಂದವನಿಗೆ ತಂತ್ರಾಂಶವನ್ನು ನ್ಯಾಯವಾದ ಬೆಲೆಗೆ ಕೊಡಿ. ಕೇಳುತ್ತಿರುವುದು ಇಷ್ಟೇ.

ನಾವು, ಅಂದರೆ ಕೊಳ್ಳುವ ಮಧ್ಯಮ ವರ್ಗದವರು, ಮಾಡಬೇಕಾದುದೂ ಇದೆ. ಕಾರು ಕೊಳ್ಳುವಾಗ ಮೈಲೇಜ್ ಎಷ್ಟು ಎಂದು ಕೇಳುತ್ತೇವೆ, ಮೊಬೈಲ್ ಕೊಳ್ಳುವಾಗ ಕ್ಯಾಮೆರಾ ಎಷ್ಟರದು ಎಂದು ಕೇಳುತ್ತೇವೆ. ಬ್ಯಾಟರಿ ಬದಲಿಸಲು ಎಷ್ಟಾಗುತ್ತದೆ, ಬಿಡಿಭಾಗ ಎಷ್ಟು ವರ್ಷ ಸಿಗುತ್ತದೆ, ತಂತ್ರಾಂಶಕ್ಕೆ ಎಷ್ಟು ವರ್ಷ ಪರಿಷ್ಕರಣೆ ಇದೆ, ಹೊರಗಿನ ಗ್ಯಾರೇಜಿನಲ್ಲಿ ರಿಪೇರಿ ಮಾಡಿಸಿದರೆ ವಾರಂಟಿ ಉಳಿಯುತ್ತದೆಯೇ ಎಂದು ಕೇಳುವವರು ವಿರಳ. ಕೇಳದ ಪ್ರಶ್ನೆಗೆ ಯಾವ ವ್ಯಾಪಾರಿಯೂ ಉತ್ತರ ಕೊಡಲಾರ. ಸರ್ಕಾರವೂ ದೊಡ್ಡ ಗ್ರಾಹಕನೇ. ಶಾಲೆಗಳಿಗೆ, ಕಚೇರಿಗಳಿಗೆ ಕಂಪ್ಯೂಟರ್ ಕೊಳ್ಳುವ ಟೆಂಡರಿನಲ್ಲಿ ರಿಪೇರಿಗೆ ಒದಗುವಂಥದ್ದಾಗಿರಬೇಕೆಂಬ ಒಂದು ಷರತ್ತು ಸೇರಿಸಿದರೆ ಮಾರುಕಟ್ಟೆ ಅದನ್ನು ಗಮನಿಸದೆ ಇರಲಾರದು. ನೆರೆಯ ಕೇರಳ ತನ್ನ ಶಾಲೆಗಳಲ್ಲಿ ಮುಕ್ತ ತಂತ್ರಾಂಶಗಳನ್ನು ವರ್ಷಗಟ್ಟಲೆ ಬಳಸಿ ತೋರಿಸಿದೆ. ನಮ್ಮಲ್ಲಿ ಕಂಪನಿಗಳು ಮುದಿಯೆಂದ ಕಂಪ್ಯೂಟರುಗಳಿಗೂ ಅಂಥ ತಂತ್ರಾಂಶದಿಂದ ಇನ್ನಷ್ಟು ವರ್ಷ ಕೊಡಬಹುದು.

ಹಳೆಯದು ಗಟ್ಟಿಯೋ ಹೊಸದು ಮೇಲೋ ಎಂಬ ಕಲ್ಲುಬೆಂಚಿನ ವಾಗ್ವಾದ ಮುಂದೆಯೂ ನಡೆಯಲಿ, ಅದರಲ್ಲೊಂದು ಸೊಗಸಿದೆ. ಆದರೆ ಅದರ ನಡುವೆ ಈ ಮೂರನೆಯ ಪ್ರಶ್ನೆಗೂ ಜಾಗವಿರಲಿ: ನಾವು ಕೊಂಡ ಯಂತ್ರ ನಿಜವಾಗಿ ನಮ್ಮದೇ? ತೆರೆದು ನೋಡಲಾಗದ, ನಂಬಿಕೆಯ ಮೇಸ್ತ್ರಿಯಿಂದ ತೆರೆಸಲೂ ಆಗದ ವಸ್ತುವಿಗೆ ನಾವು ಮಾಲೀಕರೋ ಬಾಡಿಗೆದಾರರೋ?

ಪ್ರತಿವರ್ಷ ಆಯುಧಪೂಜೆಯಂದು ನಾವು ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಚಕ್ರದಡಿ ನಿಂಬೆಹಣ್ಣಿಟ್ಟು ಒಂದು ಸುತ್ತು ಹೋಗಿ ಬರುತ್ತೇವೆ, ಕಂಪ್ಯೂಟರಿಗೂ ಕುಂಕುಮವಿಡುತ್ತೇವೆ. ಕಳೆದ ಹಬ್ಬದ ದಿನ ಗ್ಯಾರೇಜಿನ ಮುಂದೆ ಹಾದುಹೋಗುವಾಗ ಮೇಸ್ತ್ರಿ ಕರೆದು ಪ್ರಸಾದ ಕೊಟ್ಟರು. ಬೆಂಚಿನ ಮಸಿ ತೊಳೆದು ಕೆಂಪು ಬಟ್ಟೆ ಹಾಸಿದ್ದರು. ಅದರ ಮೇಲೆ ಜಾಕು, ಸುತ್ತಿಗೆ, ಅಳತೆಯ ಕ್ರಮದಲ್ಲಿ ಜೋಡಿಸಿಟ್ಟ ಸ್ಪ್ಯಾನರುಗಳು. ಸಾಲಿನ ಕೊನೆಯಲ್ಲಿ ಆ ಅಂಗೈಯಗಲದ ಸ್ಕ್ಯಾನರೂ ಇತ್ತು. ಅದಕ್ಕೂ ಅರಿಸಿನ, ಕುಂಕುಮ, ಒಂದು ಸೇವಂತಿಗೆ ಹೂವು.